ಹುಡುಗನಿಗೆ ಜಿಗಿಯಲು ಬಾರದು, ಗಾಳಿ ನಮ್ಮ ಕೈಯಲ್ಲಿ: ‘ಲಾಸ್ಟ್‌ವಿಂಡ್ಸ್’ ಆಟ

ಈ ಆಟದ ಹುಡುಗನಿಗೆ ಜಿಗಿಯಲು ಬರುವುದಿಲ್ಲ. ಟೋಕು ಅಂತ ಹೆಸರು. ನಡೆಯುತ್ತಾನೆ, ಓಡುತ್ತಾನೆ, ಅಷ್ಟೇ. 1985ರ ಸೂಪರ್ ಮಾರಿಯೋ ಕಾಲದಿಂದಲೂ ಈ ಬಗೆಯ ಆಟ ಕೈಗೆ ಬಂದರೆ ನಾವು ಮೊದಲು ಹುಡುಕುವುದು ಜಿಗಿಯುವ ಬಟನ್ ಯಾವುದು ಅಂತ. ಇಲ್ಲಿ ಆ ಬಟನ್ನೇ ಇಲ್ಲ. ಇದು ನಿಂಟೆಂಡೊ ವೀ ಅನ್ನುವ, ಟಿವಿಗೆ ಜೋಡಿಸುವ ವಿಡಿಯೋ ಗೇಮ್ ಯಂತ್ರದ ಆಟ. ಹುಡುಗನ ಮುಂದೆ ಎತ್ತರದ ಬಂಡೆ ಬಂತು ಅನ್ನಿ. ಬಲಗೈಯ ರಿಮೋಟನ್ನು ಟಿವಿ ಕಡೆ ಹಿಡಿದು, ಬಟನ್ ಒತ್ತಿಕೊಂಡೇ, ಅವನ ಕಾಲ ಹತ್ತಿರದಿಂದ ಮೇಲಕ್ಕೆ ಒಂದು ಗೆರೆ ಎಳೆದು ಬಿಡಬೇಕು. ಗಾಳಿ ಬೀಸುತ್ತದೆ, ಹುಡುಗ ಮೇಲೆ ಹೋಗುತ್ತಾನೆ. ಓರೆಯಾಗಿ ಎಳೆದರೆ ಓರೆಯಾಗಿ ಹೋಗುತ್ತಾನೆ. ಜೋರಾಗಿ ಎಳೆದು ದಿಕ್ಕು ತಪ್ಪಿದರೆ ಪಾಪ, ಗೋಡೆಗೆ ಹೋಗಿ ಬಡಿಯುತ್ತಾನೆ.

ಎಡಗೈಯಲ್ಲಿ ನನ್‌ಚಕ್ ಅನ್ನುವ ಇನ್ನೊಂದು ಹಿಡಿ ಇರುತ್ತದೆ. ಅದರ ಪುಟ್ಟ ಕಡ್ಡಿ ಒತ್ತಿದ ಕಡೆಗೆ ಹುಡುಗ ನಡೆಯುತ್ತಾನೆ. ಅಂದರೆ ಎಡಗೈ ಹುಡುಗ, ಬಲಗೈ ಗಾಳಿ. ಈ ಆಟದ ಬಗ್ಗೆ ನಾನು ಹೇಳಬೇಕಾದ್ದೆಲ್ಲ ಇದರ ಸುತ್ತಲೇ ಇದೆ. ಇದನ್ನು ಬಿಟ್ಟರೆ ಆಟದಲ್ಲಿ ಅಂಥ ವಿಶೇಷ ಏನೂ ಇಲ್ಲ. ಇದೊಂದು ಇರುವುದರಿಂದಲೇ ಇಷ್ಟು ಹಳೆಯ ಆಟದ ಬಗ್ಗೆ ಈಗ ಕೂತು ಬರೆಯುತ್ತಿದ್ದೇನೆ.

ನಾನು ತೀರ್ಥಹಳ್ಳಿಯಲ್ಲಿ ಟಿವಿ, ಯುಪಿಎಸ್, ಮಿಕ್ಸಿ ರಿಪೇರಿ ಮಾಡುವವನು. ಆಟ ಆಡುವುದು ನನ್ನ ಕೆಲಸವಲ್ಲ. ಅಕ್ಕ, ಭಾವ ಅಮೆರಿಕದಿಂದ ವಾಪಸ್ ಬಂದು ಶಿವಮೊಗ್ಗದಲ್ಲಿ ಮನೆ ಮಾಡಿದಾಗ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಹಳೆ ಸಾಮಾನೆಲ್ಲ ತುಂಬಿ ನನ್ನ ಅಂಗಡಿಗೆ ಕಳಿಸಿದರು. ‘ಇದರಲ್ಲಿ ಯಾವುದಾದ್ರೂ ಬದುಕಿದ್ರೆ ನೀನೇ ಇಟ್ಕೊ ಮಾರಾಯ’ ಅಂದರು ಭಾವ. ಅದರ ತಳದಲ್ಲಿ ಬಿಳಿ ಬಣ್ಣದ ನಿಂಟೆಂಡೊ ವೀ ಸಿಕ್ಕಿತು. ಆನ್ ಮಾಡಿ ನೋಡಿದರೆ ಭಾವ ಅಲ್ಲಿದ್ದಾಗ ಡೌನ್‌ಲೋಡ್ ಮಾಡಿಕೊಂಡ ಒಂದೇ ಒಂದು ಆಟ ಒಳಗೆ ಕೂತಿತ್ತು. ಅದೇ ಲಾಸ್ಟ್‌ವಿಂಡ್ಸ್.

ಆನ್ ಮಾಡುವ ಮುಂಚಿನ ಕಥೆಯನ್ನೂ ಹೇಳಿಬಿಡುತ್ತೇನೆ. ಊರಿಗೆ ಇಂಥ ಪೆಟ್ಟಿಗೆ ತಂದವರು ಇನ್ನೂ ಇರುತ್ತಾರೆ. ಅಮೆರಿಕದಲ್ಲಿ ಕೊಂಡ ವೀಯ ಅಡಾಪ್ಟರ್ ಅಲ್ಲಿನ 120 ವೋಲ್ಟಿಗೆ ಮಾಡಿದ್ದು. ನಮ್ಮ ಗೋಡೆಯ 230ಕ್ಕೆ ಚುಚ್ಚಿದರೆ ಅದರ ಕಥೆ ಅಲ್ಲಿಗೇ ಮುಗಿಯಿತು. ಆದರೆ ಒಳಗಿನ ಯಂತ್ರಕ್ಕೆ ಬೇಕಾದ್ದು ಬರೀ 12 ವೋಲ್ಟ್ ಡಿಸಿ, 3.7 ಆಂಪಿಯರ್. ಸಿಸಿಟಿವಿ ಕ್ಯಾಮೆರಾಗಳಿಗೆ ಹಾಕುವ 12 ವೋಲ್ಟ್ 5 ಆಂಪಿಯರ್ ಅಡಾಪ್ಟರ್ ಯಾವ ಎಲೆಕ್ಟ್ರಿಕಲ್ ಅಂಗಡಿಯಲ್ಲೂ ಸಿಗುತ್ತದೆ. ವೀಯ ಪಿನ್ ಮಾತ್ರ ಅದರದ್ದೇ ಒಂದು ಆಕಾರ, ಬೇರೆಲ್ಲೂ ಸಿಗುವುದಿಲ್ಲ. ಹಾಗಾಗಿ ಹಳೆ ಅಡಾಪ್ಟರಿನ ವಯರ್ ಕತ್ತರಿಸಿ, ಪಾಸಿಟಿವ್ ನೆಗೆಟಿವ್ ಮೀಟರಿನಲ್ಲಿ ನೋಡಿ, ಹೊಸದಕ್ಕೆ ಬೆಸುಗೆ ಹಾಕಿದೆ. ಮನೆಯಲ್ಲಿ ಸೋಲ್ಡರಿಂಗ್ ಗೊತ್ತಿಲ್ಲದವರು ದಯವಿಟ್ಟು ಗೊತ್ತಿರುವವರ ಹತ್ತಿರ ಕೊಡಿ. ಯಂತ್ರ ಆಡುವಾಗ ಎಳೆಯುವುದು ಇಪ್ಪತ್ತು ವ್ಯಾಟಿನ ಒಳಗೆ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೂ ಸಣ್ಣ ಯುಪಿಎಸ್ ಮೇಲೆ ಟಿವಿ ಜೊತೆ ಆರಾಮಾಗಿ ಓಡುತ್ತದೆ. ನಮ್ಮ ಕಡೆ ಇದು ಸಣ್ಣ ವಿಷಯ ಅಲ್ಲ.

ಇನ್ನು ಟಿವಿ ಮುಂದೆ ಇಡುವ ಉದ್ದನೆಯ ಕಡ್ಡಿ. ಅದಕ್ಕೆ ಸೆನ್ಸರ್ ಬಾರ್ ಅಂತ ಹೆಸರಿಟ್ಟಿದ್ದಾರೆ, ಆದರೆ ಅದರೊಳಗೆ ಒಂದೂ ಸೆನ್ಸರ್ ಇಲ್ಲ! ಎರಡು ತುದಿಯಲ್ಲಿ ಐದೈದು ಇನ್‌ಫ್ರಾರೆಡ್ ಎಲ್‌ಇಡಿ, ಅಷ್ಟೇ. ವಯರಿನಲ್ಲಿ ಹೋಗುವುದು ಬರೀ ಕರೆಂಟು. ಕ್ಯಾಮೆರಾ ಇರುವುದು ನಮ್ಮ ಕೈಯ ರಿಮೋಟಿನ ಮೂತಿಯಲ್ಲಿ. ಅದು ಆ ಎರಡು ಬೆಳಕಿನ ಚುಕ್ಕಿಗಳು ಎಲ್ಲಿ ಕಾಣುತ್ತಿವೆ ಅಂತ ನೋಡಿ ಬ್ಲೂಟೂತಿನಲ್ಲಿ ಯಂತ್ರಕ್ಕೆ ಹೇಳುತ್ತದೆ. ರಿಮೋಟ್ ಪರದೆಯ ಯಾವ ಜಾಗಕ್ಕೆ ಗುರಿ ಹಿಡಿದಿದೆ ಅಂತ ಯಂತ್ರ ಲೆಕ್ಕ ಹಾಕುತ್ತದೆ. ಭಾವನ ಪೆಟ್ಟಿಗೆಯಲ್ಲಿದ್ದ ಬಾರ್‌ನ ವಯರನ್ನು ಇಲಿ ಕಡಿದಿತ್ತು. ಅಂಗಡಿಯಲ್ಲಿ ಸತ್ತ ಟಿವಿ ರಿಮೋಟುಗಳಿಗೆ ಬರ ಇಲ್ಲ. ಅವುಗಳ ಎಲ್‌ಇಡಿ ಕಿತ್ತು, ಒಂದು ಅಡಿಪಟ್ಟಿಯ ಎರಡು ತುದಿಗೆ ಅಂಟಿಸಿ, ರೆಸಿಸ್ಟರ್ ಹಾಕಿ ಹೊಸದು ಮಾಡಿದೆ. ಉರಿಯುತ್ತಿದೆಯೋ ಇಲ್ಲವೋ ಅಂತ ಕಣ್ಣಿಗೆ ಕಾಣುವುದಿಲ್ಲ. ಮೊಬೈಲಿನ ಸೆಲ್ಫಿ ಕ್ಯಾಮೆರಾದಲ್ಲಿ ನೋಡಿದರೆ ನಸು ನೇರಳೆ ಬಣ್ಣದಲ್ಲಿ ಕಾಣುತ್ತದೆ.

ಏನೂ ಇಲ್ಲದಿದ್ದರೆ ಎರಡು ಮೇಣದಬತ್ತಿ ಹಚ್ಚಿಟ್ಟರೂ ರಿಮೋಟ್ ನಂಬುತ್ತದೆ. ಬೆಂಕಿಯಲ್ಲೂ ಇನ್‌ಫ್ರಾರೆಡ್ ಇದೆಯಲ್ಲ. ಅದರ ಉಲ್ಟಾ ಕೂಡ ಅಷ್ಟೇ ನಿಜ. ನಮ್ಮ ಜಗುಲಿಯಲ್ಲಿ ಟಿವಿ ಪಕ್ಕದಲ್ಲೇ ದೇವರ ಗೂಡು. ಸಂಜೆ ಅಮ್ಮ ದೀಪ ಹಚ್ಚಿದ ಕೂಡಲೇ ಪರದೆಯ ಮೇಲಿನ ಗುರುತು ಹುಚ್ಚು ಹಿಡಿದ ಹಾಗೆ ಅತ್ತಿತ್ತ ಹಾರುತ್ತದೆ. ರಿಮೋಟಿಗೆ ಮೂರನೇ ಚುಕ್ಕಿ ಕಂಡಿತಲ್ಲ! ದೀಪ ಸರಿಸುವ ಮಾತು ನಮ್ಮ ಮನೆಯಲ್ಲಿ ನಡೆಯುವುದಿಲ್ಲ, ಹಾಗಾಗಿ ಟಿವಿಯೇ ಸರಿಯಿತು. ಪಶ್ಚಿಮದ ಕಿಟಕಿಯ ಬಿಸಿಲು ಪರದೆ ಹತ್ತಿರ ಬಿದ್ದರೂ ಇದೇ ಗೋಳು. ಮಳೆಗಾಲದಲ್ಲಿ ಈ ತೊಂದರೆ ಇಲ್ಲ, ಬಿಸಿಲೇ ಇರುವುದಿಲ್ಲ.

ಸರಿ, ಆಟಕ್ಕೆ ಬರೋಣ.

ಲಾಸ್ಟ್‌ವಿಂಡ್ಸ್ ಮಾಡಿದ್ದು ಇಂಗ್ಲೆಂಡಿನ ಕೇಂಬ್ರಿಜ್‌ನ ಫ್ರಾಂಟಿಯರ್ ಡೆವಲಪ್‌ಮೆಂಟ್ಸ್ ಅನ್ನುವ ಕಂಪನಿ. ಅದನ್ನು ಕಟ್ಟಿದ ಡೇವಿಡ್ ಬ್ರೇಬನ್ 1984ರಲ್ಲಿ ಇಯಾನ್ ಬೆಲ್ ಜೊತೆ ಸೇರಿ ‘ಎಲೀಟ್’ ಅನ್ನುವ ಆಟ ಬರೆದವರು. ಇಡೀ ಬಾಹ್ಯಾಕಾಶವನ್ನು ಬಿಬಿಸಿ ಮೈಕ್ರೋ ಎಂಬ ಕಂಪ್ಯೂಟರಿನ 32 ಕೆಬಿ ಮೆಮೊರಿಗೆ ತುಂಬಿಸಿದ ಸಾಹಸ ಅದು. ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡ್ ಶುರು ಮಾಡಿದವರಲ್ಲೂ ಅವರು ಒಬ್ಬರು. ನನ್ನ ಅಂಗಡಿಯ ಮೂಲೆಯಲ್ಲಿ ಒಂದು ಪೈ ಬೋರ್ಡ್ ಯಾವಾಗಲೂ ಓಡುತ್ತಿರುತ್ತದೆ, ಹಾಗಾಗಿ ಈ ವಿಷಯ ಗೊತ್ತಾದಾಗ ಸುಮ್ನೆ ಒಂದು ಖುಷಿಯಾಯಿತು. ಕಡಿಮೆ ಜಾಗದಲ್ಲಿ ಜಾಸ್ತಿ ತುಂಬಿಸುವ ಅಭ್ಯಾಸ ಇಲ್ಲೂ ಕೆಲಸಕ್ಕೆ ಬಂದಿದೆ. ಈ ಆಟ 2008ರ ಮೇ ತಿಂಗಳಲ್ಲಿ ವೀವೇರ್ ಅನ್ನುವ ಡೌನ್‌ಲೋಡ್ ಸೇವೆ ಶುರುವಾದಾಗಲೇ ಬಂದದ್ದು. ಅಲ್ಲಿ ಒಂದು ಆಟ 40 ಎಂಬಿ ದಾಟುವಂತಿರಲಿಲ್ಲ. ಯಂತ್ರದ ಒಳಗೆ ಒಟ್ಟು ಜಾಗ ಇದ್ದದ್ದೇ 512 ಎಂಬಿ. ಈಗ ಮದುವೆ ಮನೆಯಿಂದ ವಾಟ್ಸಾಪಿಗೆ ಬರುವ ಒಂದು ವಿಡಿಯೋ ಆ 40 ಎಂಬಿಗಿಂತ ದೊಡ್ಡದಿರುತ್ತದೆ.

ಅಷ್ಟರಲ್ಲಿ ಏನೇನು ಹಿಡಿಸಿದ್ದಾರೆ ನೋಡಿ. ಹುಲ್ಲು ಇದೆ, ನಾವು ರಿಮೋಟ್ ಆಡಿಸಿದ ಕಡೆ ಬಾಗುತ್ತದೆ. ಗಿಡದ ಎಲೆ ಅಲುಗುತ್ತದೆ, ನೀರಿನ ಮೇಲೆ ಅಲೆ ಏಳುತ್ತದೆ. ಇದರಿಂದ ಪಾಯಿಂಟೂ ಸಿಗುವುದಿಲ್ಲ, ಕಾಸೂ ಸಿಗುವುದಿಲ್ಲ. ಸುಮ್ನೆ ಆಗುತ್ತದೆ. ಮೊದಲ ಸಲ ಆಡಿದಾಗ ಹುಡುಗನನ್ನು ಒಂದು ಕಡೆ ನಿಲ್ಲಿಸಿ ನಾನು ಹುಲ್ಲಿನ ಮೇಲೆ ಕೈಯಾಡಿಸುತ್ತಾ ತುಂಬಾ ಹೊತ್ತು ಕೂತಿದ್ದೆ. ಅಂಗಡಿಗೆ ಬಂದ ಗಿರಾಕಿಯೊಬ್ಬರು ‘ಎಂತ ಮಾರಾಯ್ರೆ, ಟಿವಿ ಒರೆಸ್ತಾ ಇದ್ದೀರಾ?’ ಅಂತ ಕೇಳಿದರು. ಹಿಂದಿನಿಂದ ಮೆಲುವಾದ ಕೊಳಲಿನಂಥ ಸಂಗೀತ ಬರುತ್ತಿರುತ್ತದೆ. ಅದು ಯಾವತ್ತೂ ಅತಿಯಾಗುವುದಿಲ್ಲ.

ಕಥೆ ಬೇಗ ಹೇಳಿ ಮುಗಿಸಬಹುದು. ಮಿಸ್ಟ್ರಾಲಿಸ್ ಅನ್ನುವ ನಾಡು. ಬಾಲಸಾರ್ ಅನ್ನುವ ದುಷ್ಟ ಶಕ್ತಿಯನ್ನು ಹಿಂದೆ ಒಂದು ಕಲ್ಲಿನಲ್ಲಿ ಕಟ್ಟಿಹಾಕಿದ್ದರು, ಅದು ತಪ್ಪಿಸಿಕೊಂಡಿದೆ. ಎನ್ರಿಲ್ ಅನ್ನುವ ಗಾಳಿಯ ಶಕ್ತಿ ಆ ಕಲ್ಲಿನ ಚೂರಿನಲ್ಲಿ ಸಿಕ್ಕಿಕೊಂಡಿದೆ. ಆ ಚೂರು ಟೋಕುವಿಗೆ ಸಿಗುತ್ತದೆ. ಅವನಿಗೆ ದೇಹ ಇದೆ, ಬಲ ಇಲ್ಲ. ಎನ್ರಿಲ್‌ಗೆ ಬಲ ಇದೆ, ದೇಹ ಇಲ್ಲ. ಇಬ್ಬರೂ ಸೇರಿ ಹೊರಡುತ್ತಾರೆ. ಊರಿನ ಹಿರಿಯರು ಹಳೆಯ ಕಥೆ ಹೇಳುತ್ತಾರೆ, ನಾವು ಬೇಗ ಬೇಗ ಬಟನ್ ಒತ್ತಿ ಮುಂದೆ ಹೋಗುತ್ತೇವೆ. ಕಥೆಗಾಗಿ ಈ ಆಟ ಆಡಬೇಕಾಗಿಲ್ಲ.

ಆದರೆ ಹುಡುಗ ಮತ್ತು ಗಾಳಿಯ ಆ ಹೊಂದಿಕೆ ಕೈಗೆ ಬರುವುದು ಕಥೆಯಿಂದ ಅಲ್ಲ, ಆಡುವುದರಿಂದ. ಇಲ್ಲೇ ನನಗೆ ಇದನ್ನು ಮಾಡಿದವರ ಬುದ್ಧಿ ಮೆಚ್ಚಿಗೆಯಾದದ್ದು. ವೀ ಜೊತೆ ಅಮೆರಿಕದಲ್ಲಿ ಕೊಡುತ್ತಿದ್ದ ‘ವೀ ಸ್ಪೋರ್ಟ್ಸ್’ನ ಡಿಸ್ಕೂ ಭಾವನ ಪೆಟ್ಟಿಗೆಯಲ್ಲಿತ್ತು. ಟೆನಿಸ್ ಮಜಾ ಇದೆ, ಸುಳ್ಳಲ್ಲ. ಮೊದಲ ದಿನ ಎಲ್ಲರೂ ಎದ್ದು ನಿಂತು, ತೋಳು ಬೀಸಿ ಆಡುತ್ತಾರೆ. ಎರಡನೇ ದಿನ ಯಾರೋ ಒಬ್ಬ ಕೂತಲ್ಲಿಂದಲೇ ಮಣಿಕಟ್ಟು ಸ್ವಲ್ಪ ಅಲುಗಿಸಿದರೂ ಚೆಂಡು ಹೋಗುತ್ತದೆ ಅಂತ ಕಂಡುಹಿಡಿಯುತ್ತಾನೆ. ಆಮೇಲೆ ಯಾರೂ ಏಳುವುದಿಲ್ಲ. ಆಗಿನ ಎಷ್ಟೋ ಆಟಗಳಲ್ಲಿ ಕೈ ಅಲುಗಿಸುವುದು ಬಟನ್ನಿನ ಬದಲಿಗೆ ಮಾಡುವ ನಾಟಕ ಅಷ್ಟೇ. ಬಟನ್ ಕೊಟ್ಟರೆ ಅದೇ ಕೆಲಸ ಇನ್ನೂ ಚೆನ್ನಾಗಿ ಆಗುತ್ತದೆ.

ಇಲ್ಲಿ ಹಾಗಲ್ಲ. ಗಾಳಿಗೆ ದಿಕ್ಕು ಬೇಕು, ಜಾಗ ಬೇಕು, ಬಲ ಬೇಕು. ಮೂರನ್ನೂ ಒಂದೇ ಗೆರೆಯಲ್ಲಿ ಹೇಳುತ್ತೇವೆ. ಎಲ್ಲಿಂದ ಶುರು, ಯಾವ ಕಡೆಗೆ, ಎಷ್ಟು ಉದ್ದ. ಇದನ್ನು ಹೇಳುವ ಬಟನ್ ಇಲ್ಲ. ಮತ್ತೆ ಹುಡುಗ ಗಾಳಿಯಲ್ಲಿ ಇರುವಾಗಲೇ ಇನ್ನೊಂದು ಗೆರೆ ಎಳೆಯಬಹುದು. ಶುರುವಿನಲ್ಲಿ ಒಂದೇ ಸಲ ಎತ್ತಲು ಸಾಧ್ಯ, ಮುಂದೆ ಹೋದ ಹಾಗೆ ಎನ್ರಿಲ್‌ನ ಶಕ್ತಿ ಮರಳಿ, ಒಂದರ ಮೇಲೊಂದು ಹೊಡೆತ ಕೊಟ್ಟು ಎತ್ತಬಹುದು. ಮೇಲಕ್ಕೆ ಒಂದು, ತುದಿಯಲ್ಲಿ ತೇಲುವಾಗ ಅಡ್ಡಕ್ಕೆ ಇನ್ನೊಂದು. ಅದು ಸರಿಯಾಗಿ ಕೂತ ಗಳಿಗೆ ಇದೆಯಲ್ಲ, ಹುಡುಗ ಹಳ್ಳ ದಾಟಿ ಆಚೆ ದಂಡೆಯ ಮೇಲೆ ಮೆತ್ತಗೆ ಇಳಿಯುತ್ತಾನೆ. ಆಗ ನಾನು ಹಾರಿದೆ ಅಂತ ಅನ್ನಿಸುವುದಿಲ್ಲ, ಇವನನ್ನು ದಾಟಿಸಿದೆ ಅನ್ನಿಸುತ್ತದೆ. ಬೇರೆ ಯಾವ ಆಟದಲ್ಲೂ ನನಗೆ ಹಾಗೆ ಅನ್ನಿಸಿರಲಿಲ್ಲ. ಆಮೇಲೆ ಒಂದು ಮೇಲಂಗಿ ಸಿಗುತ್ತದೆ, ಅದನ್ನು ತೊಟ್ಟ ಮೇಲೆ ಹುಡುಗ ಗಾಳಿಯಲ್ಲಿ ತೇಲುತ್ತಾ ದೂರ ಹೋಗಬಲ್ಲ. ಅಲ್ಲಿಂದ ಆಟದ ಗತಿಯೇ ಬದಲಾಗುತ್ತದೆ.

ಕಾಟ ಕೊಡುವ ಜೀವಿಗಳು ಗ್ಲಾರ್ಬ್‌ಗಳು. ಮುದ್ದೆಯಂಥವು, ಅಂಥ ಭಯ ಹುಟ್ಟಿಸುವುದಿಲ್ಲ. ಅವುಗಳನ್ನು ಗಾಳಿಯಲ್ಲಿ ಎತ್ತಿ ನೆಲಕ್ಕೆ ಅಪ್ಪಳಿಸಬೇಕು. ಮೇಲಕ್ಕೊಂದು ಗೆರೆ, ಕೆಳಕ್ಕೊಂದು ಗೆರೆ. ಮೊದಮೊದಲು ಖುಷಿಯಾಗುತ್ತದೆ. ಆಮೇಲೆ ದಾರಿಯಲ್ಲಿ ಮತ್ತೆ ಮತ್ತೆ ಬಂದಾಗ ಅದು ಕೆಲಸ ಆಗಿಬಿಡುತ್ತದೆ. ಅವು ಟೋಕುವಿನ ಮೈಗೆ ಅಂಟಿದ ಹಾಗೆ ಹತ್ತಿರ ಬಂದಾಗ ಗಾಳಿ ಬೀಸಿದರೆ ಹುಡುಗನೂ ಜೊತೆಗೆ ಹಾರಿಹೋಗುತ್ತಾನೆ. ಜಗಳದ ಭಾಗ ಈ ಆಟದ ದುರ್ಬಲ ಭಾಗ ಅಂತ ನನ್ನ ತೀರ್ಮಾನ.

ಒಗಟಿನ ಭಾಗ ಹಾಗಲ್ಲ. ಸ್ಲಿಪ್‌ಸ್ಟ್ರೀಮ್ ಅನ್ನುವ ಎರಡನೇ ಬಗೆಯ ಗಾಳಿ ಇದೆ. ಇದರಲ್ಲಿ ಒಂದು ಹೊಡೆತ ಕೊಟ್ಟು ಬಿಡುವುದಲ್ಲ, ಗಾಳಿ ಹೋಗಬೇಕಾದ ದಾರಿಯನ್ನೇ ಬರೆಯಬೇಕು. ಉರಿಯುವ ಪಂಜಿನಿಂದ ಶುರು ಮಾಡಿ, ಗೋಡೆ ಸುತ್ತಿ, ಮೂಲೆ ತಿರುಗಿಸಿ, ಒಣಗಿದ ಪೊದೆಯವರೆಗೆ ಗೆರೆ ಎಳೆದರೆ ಬೆಂಕಿ ಆ ದಾರಿಯಲ್ಲೇ ಹೋಗಿ ಪೊದೆ ಸುಡುತ್ತದೆ, ದಾರಿ ಬಿಡುತ್ತದೆ. ನೀರನ್ನೂ ಇದೇ ಥರ ಸಾಗಿಸಬಹುದು, ಕಲ್ಲನ್ನೂ ಉರುಳಿಸಿಕೊಂಡು ಹೋಗಬಹುದು. ಕೈ ನಡುಗಿದರೆ ಗೆರೆ ಅಂಕುಡೊಂಕು, ಬೆಂಕಿ ಗೋಡೆಗೆ ತಾಗಿ ಆರಿಹೋಗುತ್ತದೆ.

ಇದರಲ್ಲಿ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಮುಂದೆ ಇರುವುದು ಅಮ್ಮ. ನಾನು ಹೇಳಿದರೆ ನಂಬುವುದಿಲ್ಲ ನೀವು. ದಸರಾ ರಜೆಗೆ ಅಕ್ಕನ ಮಗಳು ಶಿವಮೊಗ್ಗದಿಂದ ಬಂದಿದ್ದಳು, ಎಂಟನೇ ಕ್ಲಾಸು. ಮೊಬೈಲಿನಲ್ಲಿ ಎಂತೆಂಥದೋ ಆಟ ಆಡುವವಳು, ಇದನ್ನು ನೋಡಿ ‘ಮಾವಾ, ಇದು ನಾನು ಹುಟ್ಟೋಕಿಂತ ಮುಂಚಿನ ಗ್ರಾಫಿಕ್ಸ್’ ಅಂತ ಮೂಗು ಮುರಿದಳು. ಅರ್ಧ ಗಂಟೆಯಲ್ಲಿ ಕೈಯಿಂದ ಬಿಡಿಸಿಕೊಳ್ಳಲು ಆಗಲಿಲ್ಲ. ಆದರೆ ಬೆಂಕಿ ಸಾಗಿಸುವ ಜಾಗದಲ್ಲಿ ಸಿಕ್ಕಿಬಿದ್ದಳು. ಅವಸರ ಜಾಸ್ತಿ, ಗೆರೆ ಮುರಿಯುತ್ತದೆ. ಅಡಿಕೆ ಸುಲಿಯುತ್ತಾ ಕೂತಿದ್ದ ಅಮ್ಮ ‘ಕೊಡು ಇಲ್ಲಿ’ ಅಂದರು. ಕೈ ಒರೆಸಿಕೊಂಡು, ರಿಮೋಟ್ ಹಿಡಿದು, ರಂಗೋಲಿಯ ಎಳೆ ಬಿಟ್ಟ ಹಾಗೆ ನಿಧಾನಕ್ಕೆ ಒಂದೇ ಉಸಿರಿನಲ್ಲಿ ಗೆರೆ ಎಳೆದು ಮುಗಿಸಿದರು. ಪೊದೆ ಹೊತ್ತಿಕೊಂಡಿತು. ‘ಇಷ್ಟಕ್ಕೆ ಎಂತಕೆ ಅಷ್ಟು ಕೂಗಾಟ?’ ಅಂತ ಮತ್ತೆ ಅಡಿಕೆಗೆ ಹೋದರು.

ಅಲ್ಲಿಂದ ಒಂದು ಪದ್ಧತಿ ಶುರುವಾಯಿತು. ನನ್‌ಚಕ್ ಮತ್ತು ರಿಮೋಟ್ ನಡುವೆ ಸುಮಾರು ಒಂದು ಮೀಟರ್ ವಯರ್ ಇದೆ. ಆಟ ಮಾಡಿದವರು ಅದನ್ನು ಒಬ್ಬರ ಎರಡು ಕೈಗೆ ಅಂತ ಯೋಚಿಸಿರಬಹುದು, ನಮ್ಮ ಮನೆಯಲ್ಲಿ ಅದು ಇಬ್ಬರಿಗೆ. ಹುಡುಗಿ ನನ್‌ಚಕ್ ಹಿಡಿದು ಟೋಕುವನ್ನು ನಡೆಸುತ್ತಾಳೆ, ಅಮ್ಮ ಪಕ್ಕದಲ್ಲಿ ಕೂತು ಗಾಳಿ ಬೀಸುತ್ತಾರೆ. ಕೂಡಲೇ ಆಟ ಬೇರೆಯೇ ಆಗಿಬಿಟ್ಟಿತು. ಒಬ್ಬರೇ ಆಡುವಾಗ ಎಡಗೈಗೂ ಬಲಗೈಗೂ ಮಾತಿನ ಅಗತ್ಯ ಇಲ್ಲ. ಇಬ್ಬರಾದ ಕೂಡಲೇ ‘ಈಗ ಎತ್ತು ಅಜ್ಜಿ’, ‘ನೀನು ನಿಲ್ಲದೆ ಹೇಗೆ ಎತ್ತಲಿ’, ‘ಓಡ್ತಾ ಇರುವಾಗಲೇ ಎತ್ತಬೇಕು’, ‘ನನಗೆ ಕೇಳದೆ ಓಡಬೇಡ’. ಹುಡುಗಿ ಓಡಿ ಅಂಚಿಗೆ ಬಂದು ಧೈರ್ಯ ಮಾಡಿ ಕಾಲಿಡಬೇಕು, ಕೆಳಗೆ ಗಾಳಿ ಇದ್ದೇ ಇರುತ್ತದೆ ಅಂತ ನಂಬಿ. ಅಮ್ಮ ಒಂದು ಗಳಿಗೆ ತಡ ಮಾಡಿದರೆ ಹುಡುಗ ಹಳ್ಳದಲ್ಲಿ. ಎಷ್ಟೋ ಸಲ ಅಮ್ಮ ಬೇಕಂತಲೇ ತಡ ಮಾಡುತ್ತಾರೆ ಅಂತ ನನಗೆ ಅನುಮಾನ. ಮೊಮ್ಮಗಳು ಊಟಕ್ಕೆ ಕರೆದಾಗ ಬರದೆ ಇದ್ದ ದಿನ ಟೋಕು ಜಾಸ್ತಿ ಬೀಳುತ್ತಾನೆ.

ಅಮ್ಮನ ಒಂದೇ ಆಕ್ಷೇಪ ಗಾಳಿಯ ಬಗ್ಗೆ. ‘ಇದೆಂತ ಗಾಳಿ ಮಾರಾಯ, ಒಂದು ಹೆಂಚೂ ಹಾರಲಿಲ್ಲ.’ ಆಗುಂಬೆ ಘಟ್ಟದ ಮೇಲಿಂದ ಆರಿದ್ರಾ ಮಳೆಯ ಜೊತೆ ಬರುವ ಗಾಳಿ ನೋಡಿದವರ ಮಾತು ಅದು. ನಮ್ಮಲ್ಲಿ ಗಾಳಿ ಎದ್ದರೆ ಮೊದಲು ನೆನಪಾಗುವುದು ತೋಟದ ಅಂಚಿನ ಮರಗಳು. ಅಡಿಕೆ ಮರ ತೆಳ್ಳಗೆ ಉದ್ದಕ್ಕೆ ಬೆಳೆಯುವಂಥದ್ದು, ನಡುವಿನಲ್ಲೇ ಮುರಿದು ಬೀಳುತ್ತದೆ. ಆಟದ ಗಾಳಿ ಯಾರಿಗೂ ನಷ್ಟ ಮಾಡುವುದಿಲ್ಲ, ನಾವು ಹೇಳಿದಷ್ಟೇ ಬೀಸಿ ಸುಮ್ಮನಾಗುತ್ತದೆ. ಅಮ್ಮ ಹೇಳಿದ ಮೇಲೆ ನನಗೂ ಅದು ಕೊರತೆ ಅಂತಲೇ ಕಂಡಿತು. ಇಷ್ಟು ಬಲ ಕೈಗೆ ಕೊಟ್ಟ ಮೇಲೆ, ಅದನ್ನು ಕೆಟ್ಟದಾಗಿ ಬಳಸಿದರೆ ಏನಾದರೂ ಆಗಬೇಕಿತ್ತು. ಊರಿನ ಯಾರದಾದರೂ ಮಾಡು ಹಾರಬೇಕಿತ್ತು.

ಬೈಯುವುದಕ್ಕೆ ಬೇರೆ ವಿಷಯಗಳೂ ಇವೆ. ಹೋದ ದಾರಿಯಲ್ಲೇ ವಾಪಸ್ ಬರುವುದು ಜಾಸ್ತಿ. ಹೊಸ ಶಕ್ತಿ ಸಿಕ್ಕ ಮೇಲೆ ಹಳೇ ಜಾಗಕ್ಕೆ ಹೋಗಿ ಅಲ್ಲಿ ಮುಚ್ಚಿದ್ದ ದಾರಿ ತೆರೆಯುವುದು ಈ ಥರದ ಆಟಗಳ ಪದ್ಧತಿ, ಅದು ಸರಿ. ಆದರೆ ಇಡೀ ನಾಡೇ ಚಿಕ್ಕದು, ಹಾಗಾಗಿ ಅದೇ ಗುಹೆ, ಅದೇ ಏರು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಇಕ್ಕಟ್ಟಾದ ಗುಹೆಯೊಳಗೆ ಗೆರೆ ಎಳೆಯುವಾಗ ನಾವು ಅಂದುಕೊಂಡದ್ದು ಒಂದು, ಯಂತ್ರ ಓದಿದ್ದು ಇನ್ನೊಂದು ಆಗುವುದೂ ಉಂಟು. ಕೈ ಎತ್ತಿ ಹಿಡಿದೇ ಆಡಬೇಕಾದ್ದರಿಂದ ಭುಜ ನೋಯುತ್ತದೆ. ಮೊಣಕೈಯನ್ನು ಕುರ್ಚಿಯ ಕೈಗೆ ಊರಿಕೊಂಡರೆ ಸ್ವಲ್ಪ ವಾಸಿ. ರಿಮೋಟಿಗೆ ಎರಡು ಪೆನ್ಸಿಲ್ ಸೆಲ್ ಬೇಕು, ಅಗ್ಗದ ಸೆಲ್ ಹಾಕಿದರೆ ಬೇಗ ಕೈಕೊಡುತ್ತವೆ. ಚಾರ್ಜ್ ಮಾಡುವ ಸೆಲ್ ಹಾಕಿಬಿಡಿ.

ಎಲ್ಲಕ್ಕಿಂತ ದೊಡ್ಡ ದೂರು ಎಂದರೆ ಆಟ ಮುಗಿದುಹೋಗುತ್ತದೆ. ಮೂರು, ನಾಲ್ಕು ಗಂಟೆ, ಅಷ್ಟೇ. ಅಡಗಿಸಿಟ್ಟ ಚಿಕ್ಕ ವಿಗ್ರಹಗಳನ್ನೆಲ್ಲ ಹುಡುಕುತ್ತೇನೆ ಅಂತ ಹೊರಟರೆ ಇನ್ನೊಂದು ಸಂಜೆ ಹಿಡಿಯಬಹುದು. ಗಿಡ್ಡ ಆಟ ಅನ್ನುವುದಕ್ಕೆ ನನ್ನ ತಕರಾರು ಇಲ್ಲ. ಐವತ್ತು ಗಂಟೆಯ ಆಟಕ್ಕೆ ಈಗ ಯಾರ ಹತ್ತಿರ ಸಮಯ ಇದೆ? ಅಂಗಡಿ ಮುಚ್ಚಿ ಬಂದು, ಊಟಕ್ಕೆ ಮುಂಚೆ ಒಂದಿಷ್ಟು ಆಡಿ, ನಾಲ್ಕೈದು ದಿನದಲ್ಲಿ ಮುಗಿಸುವುದು ನನಗೆ ಒಗ್ಗುತ್ತದೆ. ಆದರೆ ಇದು ಮುಗಿಯುವ ರೀತಿ ಸರಿ ಇಲ್ಲ. ಕೈಗೆ ಎಲ್ಲ ಶಕ್ತಿಯೂ ಬಂತು, ಇನ್ನು ಮೇಲೆ ನಿಜವಾದ ಒಗಟುಗಳು ಶುರು ಅಂದುಕೊಳ್ಳುವ ಹೊತ್ತಿಗೆ ತೆರೆ ಬೀಳುತ್ತದೆ. ಬಾಲಸಾರ್ ಎಲ್ಲಿಗೂ ಹೋಗಿಲ್ಲ, ಹಾಗೇ ಇದ್ದಾನೆ. ಅಕ್ಕನ ಮಗಳು ಟಿವಿ ನೋಡಿ, ನನ್ನ ನೋಡಿ, ‘ಅಷ್ಟೇನಾ?’ ಅಂದಳು.

ಭಾವ ಇದಕ್ಕೆ ಕೊಟ್ಟದ್ದು 1000 ವೀ ಪಾಯಿಂಟ್, ಅಂದರೆ ವೀಯ ಆನ್‌ಲೈನ್ ಅಂಗಡಿಯಲ್ಲಿ ನಡೆಯುತ್ತಿದ್ದ ದುಡ್ಡು. ಆಗಿನ ಲೆಕ್ಕದಲ್ಲಿ 10 ಡಾಲರ್. ಡಿಸ್ಕಿನಲ್ಲಿ ಬರುತ್ತಿದ್ದ ಆಟಗಳ ಬೆಲೆಗೆ ಹೋಲಿಸಿದರೆ ಕಡಿಮೆಯೇ. ಆದರೆ ಈಗ ಅದೇ ದುಡ್ಡು ಹಿಡಿದು ಹೋದರೂ ವೀಗೆ ಈ ಆಟ ಸಿಗುವುದಿಲ್ಲ. 2018ರ ಮಾರ್ಚಿನಲ್ಲಿ ಪಾಯಿಂಟ್ ತುಂಬುವುದನ್ನು ನಿಲ್ಲಿಸಿದರು, 2019ರ ಜನವರಿ 30ಕ್ಕೆ ವೀಯ ಅಂಗಡಿಯನ್ನೇ ಮುಚ್ಚಿದರು. ಡೌನ್‌ಲೋಡ್‌ನಲ್ಲಿ ಮಾತ್ರ ಸಿಗುತ್ತಿದ್ದ ಆಟ, ಡಿಸ್ಕ್ ಇಲ್ಲವೇ ಇಲ್ಲ. ಹಾಗಾಗಿ ಯಾರದೋ ಮನೆಯ ಅಟ್ಟದ ಮೇಲಿನ ಯಂತ್ರದೊಳಗೆ ಆಗ ಇಳಿಸಿಕೊಂಡದ್ದು ಉಳಿದಿದ್ದರೆ ಉಂಟು. ಅದಕ್ಕೇ ಹೇಳುವುದು, ಸಂಬಂಧಿಕರು ಹಳೇ ವೀ ಗುಜರಿಗೆ ಹಾಕುವ ಮುಂಚೆ ಒಮ್ಮೆ ಆನ್ ಮಾಡಿ ಒಳಗೆ ಏನಿದೆ ಅಂತ ನೋಡಿ. ಮತ್ತೆ ಯಂತ್ರ ಕೆಟ್ಟರೆ ಬೋರ್ಡಿನ ಮೆಮೊರಿ ಚಿಪ್ ಜೊತೆ ಆಟವೂ ಹೋಗುತ್ತದೆ. ರಿಪೇರಿ ಮಾಡುವವನಾಗಿ ಇದು ನನಗೆ ಸ್ವಲ್ಪ ಸಿಟ್ಟು ಬರಿಸುವ ವಿಷಯ. ನನ್ನ ಅಂಗಡಿಯಲ್ಲಿ ನಲವತ್ತು ವರ್ಷ ಹಳೆಯ ರೇಡಿಯೋ ಹಾಡುತ್ತದೆ. ಕ್ಯಾಸೆಟ್ ಕೊಂಡವರ ಹತ್ತಿರ ಕ್ಯಾಸೆಟ್ ಇದೆ. ದುಡ್ಡು ಕೊಟ್ಟು ಕೊಂಡ ಆಟ ಮಾತ್ರ ಒಂದು ಚಿಪ್ಪಿನ ಆಯುಷ್ಯಕ್ಕೆ ಗಂಟುಬಿದ್ದಿದೆ.

ವೀ ಇಲ್ಲದವರಿಗೆ ಬೇರೆ ರೂಪಗಳು ಬಂದಿವೆ. 2011ರ ಕೊನೆಗೆ ಐಫೋನಿಗೆ ಬಂತು, ಅಲ್ಲಿ ಗಾಜಿನ ಮೇಲೆ ಬೆರಳಾಡಿಸಿ ಗಾಳಿ ಬೀಸಬೇಕು. ನನ್ನ ಹತ್ತಿರ ಐಫೋನ್ ಇಲ್ಲ. 2016ರಲ್ಲಿ ಸ್ಟೀಮ್ ಅನ್ನುವ ಆನ್‌ಲೈನ್ ಆಟದಂಗಡಿಯಲ್ಲಿ ಕಂಪ್ಯೂಟರಿಗೆ ಬಂತು, ಅದನ್ನು ನಾನು ಕೊಂಡಿದ್ದೇನೆ. ಚಿತ್ರ ತುಂಬಾ ಸ್ಪಷ್ಟ. ವೀಯ ಹಳದಿ ಕೆಂಪು ಬಿಳಿ ವಯರಿನಲ್ಲಿ ಬರುವ ಮಸುಕು ಚಿತ್ರ ನೋಡಿ ಅಭ್ಯಾಸವಾದ ಮೇಲೆ ಹುಲ್ಲಿನ ಒಂದೊಂದು ಎಳೆ ಕಾಣುವುದು ಖುಷಿ ಕೊಡುತ್ತದೆ. ಮೌಸಿನಲ್ಲಿ ಗೆರೆ ಎಳೆಯುವುದು ರಿಮೋಟಿಗಿಂತ ನಿಖರ. ಗ್ಲಾರ್ಬ್‌ಗಳ ಕಾಟ ಅರ್ಧಕ್ಕೆ ಇಳಿಯಿತು. ಭುಜ ನೋಯುವುದಿಲ್ಲ. ದೀಪ ಹಚ್ಚಿದರೆ ಗುರುತು ಹಾರುವುದಿಲ್ಲ.

ಹಾಗಿದ್ದೂ ಅದು ನನಗೆ ಹಿಡಿಸಲಿಲ್ಲ. ಮೌಸ್ ಅಂದ ಕೂಡಲೇ ಅದು ಅಂಗಡಿಯಲ್ಲಿ ಬಿಲ್ ಮಾಡುವ ಕೈ. ಮೇಜಿನ ಮೇಲೆ ಎರಡು ಇಂಚು ಆಚೆ ಈಚೆ ಸರಿಸುವುದಕ್ಕೂ, ತೋಳು ಚಾಚಿ ಕೋಣೆಯ ಆಚೆ ತುದಿಯ ಹುಲ್ಲನ್ನು ಬಾಗಿಸುವುದಕ್ಕೂ ವ್ಯತ್ಯಾಸ ಇದೆ. ಲೆಕ್ಕಕ್ಕೆ ಎರಡೂ ಒಂದೇ ಗೆರೆ, ಆದರೆ ದೂರದಲ್ಲಿ ನಿಂತು ಮುಟ್ಟದೆ ಅಲುಗಿಸಿದಾಗ ಮಾತ್ರ ನಾನು ಗಾಳಿ ಅಂತ ಅನ್ನಿಸುವುದು. ಇನ್ನೊಂದು, ಮೌಸ್ ಮತ್ತು ಕೀಬೋರ್ಡನ್ನು ಇಬ್ಬರು ಹಂಚಿಕೊಂಡು ಕೂರುವುದು ಕಷ್ಟ. ಪರದೆ ಚಿಕ್ಕದು, ತಲೆಗೆ ತಲೆ ತಾಗುತ್ತದೆ. ಅಮ್ಮ ಲ್ಯಾಪ್‌ಟಾಪ್ ಹತ್ತಿರ ಬರಲೇ ಇಲ್ಲ. ಆಯ್ಕೆ ಇದ್ದರೆ ವೀಯಲ್ಲಿ ಆಡಿ, ಇಲ್ಲದಿದ್ದರೆ ಕಂಪ್ಯೂಟರಿನಲ್ಲಾದರೂ ಸರಿ, ಮೌಸ್ ಹಿಡಿದು.

ಮುಂದಿನ ಭಾಗ 2009ರಲ್ಲೇ ಬಂದಿತ್ತು, ‘ವಿಂಟರ್ ಆಫ್ ದ ಮೆಲೋಡಿಯಾಸ್’. ಭಾವ ಅದನ್ನು ಕೊಂಡಿರಲಿಲ್ಲ, ಹಾಗಾಗಿ ನಾನು ಆಡಿದ್ದು ಕಂಪ್ಯೂಟರಿನಲ್ಲಿ ಮಾತ್ರ. ಟೋಕುವಿನ ತಾಯಿ ಮಗ್ಡಿ ಕಾಣೆಯಾಗಿದ್ದಾಳೆ, ಹುಡುಕಬೇಕು. ಈ ಸಲ ಚಳಿಗಾಲ, ಬೇಸಿಗೆ ಎರಡನ್ನೂ ನಾವೇ ಬದಲಾಯಿಸುತ್ತೇವೆ. ಚಳಿಗೆ ಹೆಪ್ಪುಗಟ್ಟಿದ ಕೆರೆಯ ಮೇಲೆ ನಡೆದು ಹೋಗಿ, ಅದನ್ನೇ ಬೇಸಿಗೆ ಮಾಡಿ ಕರಗಿಸಿ ಕೆಳಗೆ ಈಜಬಹುದು. ಚಳಿಯಲ್ಲಿ ಜಾಸ್ತಿ ಹೊತ್ತು ನಿಂತರೆ ಹುಡುಗ ನಡುಗಿ ಸಾಯುತ್ತಾನೆ, ಬೆಂಕಿ ಹುಡುಕಿ ಮೈ ಕಾಯಿಸಬೇಕು. ಸುಳಿಗಾಳಿಯ ಶಕ್ತಿಯೂ ಸಿಗುತ್ತದೆ. ಒಗಟುಗಳು ಮೊದಲನೆಯದಕ್ಕಿಂತ ಎಷ್ಟೋ ಜಾಣತನದವು, ಜಾಗವೂ ದೊಡ್ಡದು. ಮೊದಲ ಭಾಗದಲ್ಲಿ ಕಡಿಮೆಯಾಯಿತು ಅಂತ ನಾನು ಗೊಣಗಿದ್ದಕ್ಕೆಲ್ಲ ಇಲ್ಲಿ ಉತ್ತರ ಇದೆ. ಹಾಗಾಗಿ ಎರಡನ್ನೂ ಒಟ್ಟಿಗೆ ಒಂದೇ ಆಟ ಅಂತ ಆಡುವುದು ಒಳ್ಳೆಯದು, ನಡುವೆ ಬಿಡುವು ಕೊಡಬೇಡಿ. ಆಮೇಲೆ ಮಾತ್ರ ಮೂರನೆಯದನ್ನು ಹುಡುಕಲು ಹೋಗಬೇಡಿ. ಅದು ಬರಲೇ ಇಲ್ಲ. ಫ್ರಾಂಟಿಯರ್‌ನವರು ಮುಂದೆ ಎಲೀಟ್‌ಗೆ ವಾಪಸ್ ಹೋದರು, ಮನರಂಜನಾ ಪಾರ್ಕ್ ಕಟ್ಟುವ ದೊಡ್ಡ ದೊಡ್ಡ ಆಟಗಳಿಗೆ ಹೋದರು. ಬಾಲಸಾರ್ ಇನ್ನೂ ಮಿಸ್ಟ್ರಾಲಿಸ್‌ನಲ್ಲೇ ಎಲ್ಲೋ ತಿರುಗಾಡಿಕೊಂಡಿದ್ದಾನೆ, ಅಕ್ಕನ ಮಗಳು ಫೋನ್ ಮಾಡಿದಾಗಲೆಲ್ಲ ಅದರ ಬಗ್ಗೆ ನನ್ನನ್ನೇ ಬೈಯುತ್ತಾಳೆ.